ಗಾಜಿನೊಳಗಿನ ಬಲಗೈ

ತೀರಿಕೊಂಡ ಗಂಡನ ಕಾಲಿನ ಮೇಲೆ ಹೊದಿಕೆ ಎಳೆಯುತ್ತಿದ್ದವಳು ಬಾಗಿಲತ್ತ ನೋಡಿ ಅರ್ಧಕ್ಕೇ ಕೈಬಿಟ್ಟಳು. ಆ ನರೆಗೂದಲಿನ ಹೆಂಗಸು ಇವತ್ತು ಮನೆಗೇ ಬಂದಿದ್ದಳು.

"ಯಾರಮ್ಮ ಅವರು?" ಮಗಳು ಪಿಸುಗುಟ್ಟಿದಳು.

"ನಿಮ್ಮಪ್ಪನ್ನ ಕೇಳ್ಬೇಕಿತ್ತು."

*

ಅವನು ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ, ದಾನವಾಗಿ ಬಂದ ದೇಹಗಳನ್ನು ಪಾಠಕ್ಕೆ ಸಿದ್ಧಪಡಿಸುತ್ತಿದ್ದ. ಕೈಯ ರಕ್ತನಾಳಗಳಿಗೆ ಕೆಂಪು, ನೀಲಿ ಬಣ್ಣದ ರಬ್ಬರ್ ಹಾಲು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಾಂಸವನ್ನು ಎಳೆಎಳೆಯಾಗಿ ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ಮನೆಗೆ ಬಂದರೆ ಎರಡು ಸಲ ಸೋಪು ಹಚ್ಚಿ ಕೈ ತೊಳೆದ ಮೇಲೇ ಹೆಂಡತಿ ತಟ್ಟೆ ಇಡುತ್ತಿದ್ದದ್ದು.

ತಿಂಗಳ ಮೊದಲ ಸೋಮವಾರ ಮಾತ್ರ ಅವನು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ ಹೊರಡುತ್ತಿದ್ದ. ಒಮ್ಮೆ ಅವಳು ಹಿಂದೆಯೇ ಹೋದಳು. ಕಾಲೇಜಿನ ಹಿಂಬಾಗಿಲು ತೆರೆದು, ಅತ್ತಿತ್ತ ನೋಡಿ, ಅವನು ಈ ಹೆಂಗಸನ್ನು ಒಳಗೆ ಬಿಟ್ಟುಕೊಂಡ. ಹೆಂಡತಿ ಮನೆಗೆ ಬಂದು ಏನೂ ಕೇಳಲಿಲ್ಲ. ಆರು ವರ್ಷ ಕೇಳಲಿಲ್ಲ.

*

ಈಗ ಆ ಹೆಂಗಸನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಏನ್ ನಡೀತಿತ್ತು ಅಂತ ಇವತ್ತಾದ್ರೂ ಹೇಳ್ಬಿಡಿ."

"ನಮ್ಮೆಜಮಾನ್ರು ಅಲ್ಲಿದ್ದಾರೆ."

"ಕೆಲಸಕ್ಕಾ?"

"ಗಾಜಿನ ಜಾಡೀಲಿ. ಬಲಗೈ ಮಾತ್ರ." ಹೆಂಗಸು ತಲೆ ತಗ್ಗಿಸಿದಳು. "ದಾನ ಕೊಟ್ಟ ಮನೆಯವರನ್ನ ಒಂದ್ಸಲ ಕಾಲೇಜಿಗೆ ಕರೆದಿದ್ರು. ಸೊಟ್ಟ ಕಿರುಬೆರಳು ನೋಡಿ ಗುರುತು ಹಿಡಿದೆ. ಆಮೇಲೆ ಒಳಗೆ ಬಿಡೋ ಹಾಗಿರ್ಲಿಲ್ಲ. ಇವರು ಬಿಡ್ತಿದ್ರು, ಕೆಲಸ ಹೋದ್ರೆ ಹೋಗ್ಲಿ ಅಂತ."

"ಕತೆ ಚೆನ್ನಾಗಿ ಹೆಣೆದಿದ್ದೀರಿ. ನನಗ್ಯಾಕೆ ಹೇಳ್ಲಿಲ್ಲ?"

"ಆ ಕೆಲಸದ ಮಾತು ಹೊಸಿಲೊಳಗೆ ತರಬೇಡಿ ಅಂದಿದ್ರಂತಲ್ಲ ನೀವು, ಮದುವೆಯಾದ ಹೊಸದ್ರಲ್ಲಿ."

ಅಂದಿದ್ದಳು. ಅದು ಅವರಿಬ್ಬರ ಕೋಣೆಯಲ್ಲಿ ಆಡಿದ ಮಾತು. ಅದನ್ನೂ ಇವಳಿಗೆ ಹೇಳಿದ್ದ.

"ಇನ್ನೇನು ಹೇಳ್ತಿದ್ರು?"

ಹೆಂಗಸು ಅವಳ ಬಲಗೈ ತೆಗೆದುಕೊಂಡು ಮಣಿಕಟ್ಟಿನ ಮೇಲೆ ಬೆರಳಿಟ್ಟಳು. "ಇಲ್ಲೊಂದು ರಕ್ತನಾಳ, ಈ ಕಡೆ ಇನ್ನೊಂದು. ಎರಡೂ ಅಂಗೈಯೊಳಗೆ ಕಮಾನಿನ ಹಾಗೆ ಕೂಡ್ತವಂತೆ. ಒಂದು ಕಟ್ಟಿಹೋದ್ರೂ ಇನ್ನೊಂದ್ರಿಂದ ಬೆರಳಿಗೆ ರಕ್ತ ಬರುತ್ತಂತೆ."

ಹೊರಗೆ ಶವದ ಗಾಡಿ ಬಂದು ನಿಂತಿತು. "ಅಮ್ಮಾ, ಹೊತ್ತಾಯ್ತು," ಎಂದು ಮಗಳು ಬಾಗಿಲು ತಟ್ಟಿದಳು.

"ಎಡಗೈಲೂ ಹೀಗೇನಾ?" ಎಂದು ಅವಳು ಆ ಅಂಗೈಯನ್ನೂ ಬಿಚ್ಚಿ ಮುಂದೆ ಹಿಡಿದಳು.