ಕೊಂಡಿ ಹಾಕುವ ಬೆರಳು

ಮುಂಜಾನೆ ಎದ್ದರೆ ಹಜರತಬಿಯ ಬೆರಳುಗಳು ಒಂದು ತಾಸು ಮಡಚುತ್ತಲೇ ಇರಲಿಲ್ಲ. ಇಳಕಲ್ಲಿನಲ್ಲಿ ಕೊಂಡಿ ಹಾಕಿಸಲು, ಅಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಮಾಡಿ ಕೂಡಿಸಲು, ಓಣಿಯ ನೇಕಾರರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಮೂವತ್ತು ವರ್ಷದ ಕೆಲಸ. ಅದು ಕೈಬಿಟ್ಟರೆ ತಾನು ಯಾರೆಂಬುದೇ ಅವಳಿಗೆ ತೋಚುತ್ತಿರಲಿಲ್ಲ.

ಬಾಗಲಕೋಟೆಯ ಡಾಕ್ಟರಮ್ಮ ತಿಳಿಸಿ ಹೇಳಿದ್ದರು. "ಮೈಯಾಗ ಕಾವಲು ಕಾಯೋ ಕಣ ಇರ್ತಾವ್ರಿ. ರೋಗ ಬಂದ್ರ ಎದ್ದು ಹೊಡೀತಾವು. ನಿಮ್ಮ ಕೀಲಿನ್ಯಾಗ ಅವು ಸುಮ್‌ಸುಮ್ನ ಎದ್ದಾವು. ನಿಮ್ಮ ಕೀಲನ್ನ ಪರರದು ಅಂತ ತಿಳದಾವು."

"ನನ್ನ ಮೈಗೆ ನಂದ ಗುರ್ತ ಹತ್ತಂಗಿಲ್ಲೇನ್ರಿ?"

"ಯಾಕಂತ ನಮಗೂ ಪೂರಾ ಗೊತ್ತಿಲ್ರಿ. ಈ ಗುಳಿಗಿ ಶುಕ್ರವಾರಕ್ಕೊಮ್ಮೆ ಅಷ್ಟ, ದಿನಾ ಅಲ್ಲ. ಅವುಗಳ ಹಾರಾಟ ತಗ್ಗಿಸ್ತದ. ಜ್ವರ ಬಂದ್ರ ಕೂಡ್ಲೇ ಬರ್ರಿ."

ಎರಡು ಶುಕ್ರವಾರ ಕಳೆದರೂ ಗುಳಿಗೆ ಡಬ್ಬಿಯಲ್ಲೇ ಉಳಿಯಿತು. ಕಾವಲಿನವರನ್ನು ತಾನೇ ಮಲಗಿಸಿದರೆ, ನಾಳೆ ಖರೇ ಕಳ್ಳ ಬಂದಾಗ ಏಳುವವರು ಯಾರು? ಅಷ್ಟಕ್ಕೂ ಮೈ ಯಾಕೆ ಮುನಿದಿದೆ? ಬಾಣಂತನದಲ್ಲೂ ಅದನ್ನು ದುಡಿಸಿದ್ದಕ್ಕೋ, ನೋವೆಂದಾಗಲೆಲ್ಲ ಸುಮ್ಮನಿರು ಎಂದು ಗದರಿದ್ದಕ್ಕೋ?

ಮೂರನೆಯ ಶುಕ್ರವಾರ ಅವಳ ಮುಂದೆ ಓಣಿಯ ಇಬ್ಬರು ನೇಕಾರ ಹೆಂಗಸರ ಎರಡು ಸೀರೆಯ ನೂಲಿತ್ತು. ಸಿದ್ದಲಿಂಗವ್ವನದಕ್ಕೆ ರೇಷ್ಮೆ ಸೆರಗು; ಮೌಲಾಬಿಯದಕ್ಕೆ ಚಮಕಾ, ಅಗ್ಗದ ಹುಸಿರೇಷ್ಮೆ. ಎರಡೂ ಕೆಂಪೇ. ಯಾವುದು ಯಾವುದೆಂದು ಹಜರತಬಿ ಎಂದೂ ಕಣ್ಣಿನಿಂದ ನೋಡಿ ಗುರುತಿಸಿದವಳಲ್ಲ, ಬೆರಳೇ ಹೇಳುತ್ತಿತ್ತು.

ಮಧ್ಯಾಹ್ನ ಸಿದ್ದಲಿಂಗವ್ವ ಒಯ್ಯಲು ಬಂದವಳು ಕುಣಿಕೆಗಳ ಮೇಲೆ ಕೈಯಾಡಿಸಿ ನಿಂತುಬಿಟ್ಟಳು.

"ಅಕ್ಕಾ, ಇದು ಚಮಕಾ. ಮೌಲಾಬಿ ಸೆರಗು ನನ್ನ ಸೀರಿಗಿ ಹಚ್ಚೀದಿ."

ಹಜರತಬಿ ಮುಟ್ಟಿ ನೋಡಿದಳು. ಮತ್ತೊಮ್ಮೆ ಮುಟ್ಟಿದಳು. ಬಾತ ಬೆರಳಿಗೆ ಎರಡೂ ಒಂದೇ ಆಗಿದ್ದವು.

"ಮೌಲಾಬಿಗೆ ಪುಕ್ಕಟ ರೇಷ್ಮಿ ಉಡಸ್ಬೇಕಂತ ಮಾಡಿದ್ಯೇನು?" ಸಿದ್ದಲಿಂಗವ್ವ ನಕ್ಕಳು.

"ಬೇಕಂತ ಅಲ್ಲವ್ವಾ. ಗುರ್ತ ಹತ್ತಲಿಲ್ಲ ಕೈಗೆ."

ಗುರ್ತಿನ ಇದೇ ಮಾತನ್ನು ಡಾಕ್ಟರಮ್ಮನ ಮುಂದೂ ಆಡಿದ್ದು ಅವಳಿಗೆ ನೆನಪಾಯಿತು. ಬೆರಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಹಾಗಾದರೆ ಮೈಯೊಳಗಿನ ಕಾವಲಿನವರಿಗೂ ತನ್ನ ಮೇಲೆ ಸಿಟ್ಟಿರಲಿಕ್ಕಿಲ್ಲ, ಗುರ್ತು ತಪ್ಪಿರಬೇಕು ಅಷ್ಟೇ. ಕಳ್ಳನ ಮಾತು ಮಾತ್ರ ಇನ್ನೂ ಬಗೆಹರಿದಿರಲಿಲ್ಲ.

"ತಂಗಿ, ಆ ಡಬ್ಬಿ ಮುಚ್ಚಳ ತಗದು ಕೊಡು. ನನ್ನ ಕೈಲೆ ಆಗವಲ್ದು," ಎಂದಳು. "ಇವತ್ತ ಶುಕ್ರವಾರ ಹೌದಲ್ಲ?"

ಅವಳು ಗುಳಿಗೆ ನುಂಗಿದ ಮೇಲೆ ಇಬ್ಬರೂ ಎದುರುಬದುರು ಕೂತು ತಪ್ಪಿದ ಕುಣಿಕೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.