ಕೊನೆಯ ಹದಿನಾರು ಪುಟ

ಅವರ ಕತ್ತು ಸದಾ ಬಲಗಡೆಗೆ ವಾಲಿರುತ್ತಿತ್ತು. ಬೀದಿಯಲ್ಲಿ ನಡೆಯುವಾಗಲೂ, ಯಾರೊಡನೆ ಮಾತಿಗೆ ನಿಂತಾಗಲೂ, ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕದ ಬೆನ್ನ ಮೇಲಿನ ಹೆಸರು ಓದುವವರಂತೆ ತಲೆ ಓರೆ ಮಾಡಿಕೊಂಡೇ ಇರುತ್ತಿದ್ದರು. ನಲವತ್ತು ವರ್ಷ ಪುಸ್ತಕಗಳಿಗೆ ಬೈಂಡು ಹಾಕಿ ಹಾಕಿ, ಮನುಷ್ಯರನ್ನೂ ಹಾಗೆಯೇ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಮೈಮೇಲೆ ಎಂಥ ಸೆಕೆಯಲ್ಲೂ ಬಿಚ್ಚದ ಒಂದು ಕಂದು ಕೋಟು. ಗೋಂದು ಮೆತ್ತಿ ಒಣಗಿ ಅದರ ತೋಳುಗಳು ರಟ್ಟಿನಂತೆ ಬಿರುಸಾಗಿ, ಗೂಟಕ್ಕೆ ನೇತುಹಾಕಿದರೆ ಒಳಗೆ ಇನ್ನೂ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಮಕ್ಕಳೆಲ್ಲ ಅವರನ್ನು ಗೋಂದಿನ ತಾತ ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವರ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಿಸಿ, ಸೂಜಿದಾರ ಹಿಡಿದು ಹೊಲಿದವಳು ನಾನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಕ್ಷರ ಮತ್ತೆ ಹತ್ತಿದ್ದೂ ಅಲ್ಲಿಯೇ.

ಬೇಸಿಗೆ ರಜೆ ಶುರುವಾಯಿತೆಂದರೆ ಶಾಲೆಯ ಹರಿದ ಪುಸ್ತಕಗಳೆಲ್ಲ ಎರಡು ಚೀಲ ತುಂಬಿ ನಮ್ಮಲ್ಲಿಗೆ ಬರುತ್ತಿದ್ದವು. ಹಳೆಯ ಹೊಲಿಗೆ ಕತ್ತರಿಸಿದರೆ ಪುಸ್ತಕವೆಂಬುದು ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬಿಡಿಬಿಡಿಯಾಗುತ್ತದೆ. ಅವನ್ನು ಮತ್ತೆ ಹೊಲಿದು, ರಟ್ಟು ಹಾಕಿ, ಶಾಲೆ ತೆರೆಯುವಷ್ಟರಲ್ಲಿ ಒಪ್ಪಿಸಬೇಕು. ಈ ನಡುವಿನ ದಿನಗಳಲ್ಲಿ ಅಣ್ಣ ಒಂದು ಉಪಾಯ ಹೂಡಿದ್ದರು. ಬೀದಿ ಅಲೆಯುವ ಮಕ್ಕಳನ್ನು ಕೂಗಿ ಕರೆದು ಒಬ್ಬೊಬ್ಬರ ಕೈಗೆ ಒಂದೊಂದು ಕಥೆಯ ಮೊದಲ ಮಡಿಕೆಯನ್ನಷ್ಟೇ ಇಡುವುದು. ಓದಿ ತಂದು, ಏನಾಯಿತೆಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಎರಡನೆಯದು. ಒಮ್ಮೆ ಒಬ್ಬ ಪೋರ ಓದದೆಯೇ ಬಂದು, "ರಾಜ ಸತ್ತೋದ ತಾತಾ," ಎಂದ. "ಇದ್ರಲ್ಲಿ ರಾಜನೇ ಇಲ್ವಲ್ಲೋ, ಇರೋದು ಎರಡು ಆಮೆ. ಹೋಗು, ಸತ್ತೋನನ್ನ ಎಬ್ಬಿಸ್ಕೊಂಡು ಬಾ," ಎಂದು ಅಟ್ಟಿದರು.

ಹದಿನಾರನೆಯ ಪುಟ ಯಾರ ಅನುಕೂಲ ನೋಡಿಯೂ ಮುಗಿಯುವುದಿಲ್ಲ. ಬಾಗಿಲು ಕಿರುಗುಟ್ಟಿತು ಎಂಬಲ್ಲಿ, ಹಾವು ಹೆಡೆಯೆತ್ತಿ ಎಂಬಲ್ಲಿ ಗಕ್ಕನೆ ನಿಲ್ಲುತ್ತದೆ. ಮುಂದೇನು ಎಂಬ ಚಡಪಡಿಕೆಯಲ್ಲಿ ಉರಿಬಿಸಿಲಿಗೆ ಬರಿಗಾಲಲ್ಲಿ ಓಡಿಬಂದ ಮಕ್ಕಳು ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಅಣ್ಣನಿಗೆ ಅದಕ್ಕಿಂತ ದೊಡ್ಡ ಸುಖ ಲೋಕದಲ್ಲಿ ಇರಲಿಲ್ಲ.

ಆ ಮಕ್ಕಳಲ್ಲಿ ಇಸ್ತ್ರಿಯವನ ಹಿರಿಯ ಮಗಳೂ ಒಬ್ಬಳು. ಹತ್ತು ವರ್ಷವಿರಬೇಕು. ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡೇ ಬರುತ್ತಿದ್ದಳು, ಅವನು ಹಾಳೆ ಕಸಿಯದಂತೆ ಅವನ ಕೈಯನ್ನು ತನ್ನ ಕಂಕುಳಲ್ಲಿ ಅದುಮಿಕೊಂಡು ಓದುತ್ತಿದ್ದಳು. ಆ ಬೇಸಿಗೆ ಅವಳಿಗೆ ಸಿಕ್ಕಿದ್ದು ದೋಣಿಯವನ ಮಗಳ ಕಥೆ. ಹಗ್ಗ ಕಿತ್ತು ಪ್ರವಾಹದಲ್ಲಿ ಹೋದ ಅಪ್ಪನ ದೋಣಿಯನ್ನು ಹುಡುಗಿಯೊಬ್ಬಳು ನದಿಯುದ್ದಕ್ಕೂ ಹುಡುಕಿಕೊಂಡು ಹೋಗುತ್ತಾಳೆ. ಒಂಬತ್ತನೆಯ ಮಡಿಕೆಯ ಕೊನೆಗೆ ಆಚೆ ದಡದಲ್ಲಿ ದೋಣಿ ಕಾಣುತ್ತದೆ, ಅದರಲ್ಲಿ ಯಾರೋ ಬೆನ್ನು ಹಾಕಿ ಕೂತಿದ್ದಾರೆ. ಉಳಿದದ್ದು ಒಂದೇ ಮಡಿಕೆ.

"ಯಾರು ತಾತಾ ಕೂತಿರೋದು? ಅವಳಪ್ಪನಾ?"

"ಓದಿದ್ರೆ ಗೊತ್ತಾಗುತ್ತೆ."

"ಹಾಗಾದ್ರೆ ಈಗ್ಲೇ ಕೊಡಿ. ನನ್ನ ಇನ್ಮೇಲೆ ಶಾಲೆಗೆ ಕಳಿಸಲ್ವಂತೆ. ಇವನ್ನ ನೋಡ್ಕೊಳ್ಳೋರು ಯಾರು ಅಂತಾರೆ ಅಪ್ಪ."

ಅಣ್ಣ ಕೊಡಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಆ ಮಡಿಕೆಯನ್ನು ಕೋಟಿನ ಒಳಜೇಬಿಗೆ ಸೇರಿಸಿ, "ಶಾಲೆ ಶುರುವಾಗೋ ದಿನ ಗೇಟಿನ ಹತ್ರ ನಿಂತಿರ್ತೀನಿ. ಅಲ್ಲಿಗೆ ಬಾ, ಅಲ್ಲೇ ಕೊಡ್ತೀನಿ. ಅಪ್ಪನ ಹತ್ರ ಅತ್ತು ಕರೆದು ಹೇಗಾದ್ರೂ ಒಪ್ಪಿಸು ಮಗಳೇ," ಎಂದರು.

ಹುಡುಗಿ ಪೆಚ್ಚುಮೋರೆ ಹಾಕಿಕೊಂಡು ಹೋದಳು. ನನಗೆ ತಡೆಯಲಾಗಲಿಲ್ಲ. "ಕೊಟ್ಬಿಡಿ ಅಣ್ಣಾ, ಪಾಪ, ಅದರ ಮುಖ ನೋಡೋಕಾಗಲ್ಲ," ಎಂದೆ.

"ಕೊಟ್ರೆ ಮುಗೀತಲ್ಲ ತಂಗಿ. ಮುಗಿದ್ಮೇಲೆ ಶಾಲೆ ಕಡೆ ಯಾಕೆ ತಿರುಗಿ ನೋಡ್ತಾಳೆ? ಈ ಆಸೆ ಒಂದೇ ಅವಳನ್ನ ಎಳ್ಕೊಂಡು ಬರಬೇಕು."

ಶಾಲೆ ತೆರೆದ ದಿನ ಮುಂಜಾನೆಯೇ ಹೋಗಿ ಗೇಟಿನ ಬಳಿ ನಿಂತರು. ಗಂಟೆ ಹೊಡೆಯಿತು, ಪ್ರಾರ್ಥನೆ ಮುಗಿಯಿತು, ತಡವಾಗಿ ಬಂದವರನ್ನೂ ಒಳಗೆ ಬಿಟ್ಟು ಗೇಟು ಮುಚ್ಚಿದರು; ಅವಳು ಬರಲಿಲ್ಲ. ಅಲ್ಲಿಂದ ನೇರ ಇಸ್ತ್ರಿ ಅಂಗಡಿಗೆ ಹೋದರೆ ಮೇಜೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಪಕ್ಕದ ಹೂವಿನವಳು ಹೇಳಿದಳು: "ನಿನ್ನೇನೇ ಗಂಟುಮೂಟೆ ಕಟ್ಕೊಂಡು ಹೊರಟೋದ್ರಲ್ಲ ತಾತಾ. ಯಾವೂರೋ ಹೇಳ್ಲಿಲ್ಲ. ಆ ಹುಡುಗಿ ಮಾತ್ರ ತಪ್ಪಿಸ್ಕೊಂಡು ನಿಮ್ಮಂಗಡಿಗೆ ಓಡಿತ್ತು. ಬಾಗಿಲು ಹಾಕಿತ್ತಂತೆ."

ಹಾಕಿತ್ತು ನಿಜ. ಹೊಲಿದ ಪುಸ್ತಕಗಳನ್ನು ಹೊತ್ತುಕೊಂಡು ನಾವಿಬ್ಬರೂ ಆಗ ಶಾಲೆಗೆ ಹೋಗಿದ್ದೆವು.

ದೋಣಿ ಕಥೆಯ ಆ ಒಂದು ಪುಸ್ತಕವನ್ನು ಅಣ್ಣ ಹೊಲಿಯಲೇ ಇಲ್ಲ. ಹೆಡ್ಮಾಸ್ತರು ಕೇಳಿಕಳಿಸಿದಾಗಲೆಲ್ಲ "ಗೋಂದು ಇನ್ನೂ ಒಣಗಿಲ್ಲ ಸಾರ್" ಎಂದರು. ಮೂರು ವರ್ಷ ಹಾಗೆಯೇ ಅಂದರು. "ಏನ್ರೀ, ಸಮುದ್ರದಲ್ಲಿ ಅದ್ದಿ ಅಂಟಿಸಿದ್ದೀರಾ?" ಎಂದು ಅವರು ರೇಗಿ ರೇಗಿ ಸುಮ್ಮನಾದರು. ಪೇಟೆಗೆ ಹೋದಾಗ, ಬಸ್ ನಿಲ್ದಾಣದಲ್ಲಿ, ಎಲ್ಲಿ ಇಸ್ತ್ರಿಪೆಟ್ಟಿಗೆಯ ಇದ್ದಿಲ ವಾಸನೆ ಬಂದರೂ ಅಣ್ಣನ ಹೆಜ್ಜೆ ನಿಧಾನವಾಗುತ್ತಿತ್ತು.

ಆ ಹುಡುಗಿ ಹೋದ ಮರುವರ್ಷದ ಬೇಸಿಗೆಯಿಂದಲೇ ಕೇಳಿದ ಮಗುವಿಗೆ ಕೇಳಿದ ಕಥೆಯ ಎಲ್ಲ ಮಡಿಕೆಗಳನ್ನೂ ದಾರ ಸುತ್ತಿ ಒಟ್ಟಿಗೇ ಕೊಡತೊಡಗಿದರು. ಮಕ್ಕಳು ತೆಗೆದುಕೊಂಡು ಹೋದರು, ಮೊದಲಿನಂತೆ ಓಡಿಬರಲಿಲ್ಲ. ಕೆಲವು ಕಟ್ಟುಗಳು ದಾರ ಬಿಚ್ಚದೆಯೇ ವಾಪಸ್ಸು ಬಂದವು. ಮೆಟ್ಟಿಲು ಬರಿದಾಯಿತು.

"ಹಳೇ ಪದ್ಧತೀನೇ ಚೆನ್ನಾಗಿತ್ತು ಅಣ್ಣಾ," ಎಂದೆ.

"ಚೆನ್ನಾಗಿತ್ತು," ಎಂದರು. "ನನ್ನ ಕೈಲಾಗಲ್ಲ ತಂಗಿ."

ಮಕ್ಕಳಿಗೆ ಓದಿನ ಹುಚ್ಚು ಹಿಡಿಸುವವರನ್ನು ಆಮೇಲೂ ಕೆಲವರನ್ನು ಕಂಡಿದ್ದೇನೆ. ಟೀಚರಮ್ಮಂದಿರು, ಲೈಬ್ರರಿಯವರು, ಮೊಮ್ಮಕ್ಕಳ ಬೆನ್ನು ಹತ್ತಿದ ಅಜ್ಜಿಯರು. ಅವರ ಕೈಯಿಂದ ದಾಟಿ ಹೋದ ನೂರು ಮಕ್ಕಳ ಮಾತೆತ್ತಿದರೆ ಹೌದಾ ಎಂದು ನಕ್ಕುಬಿಡುತ್ತಾರೆ. ಅರ್ಧಕ್ಕೆ ಎದ್ದುಹೋದ ಒಂದು ಮಗುವಿನ ಮಾತು ಬಂತೋ, ಅದು ತೊಟ್ಟಿದ್ದ ಲಂಗದ ಬಣ್ಣದವರೆಗೂ ಹೇಳುತ್ತಾರೆ. ಮುಂದೇನು ಎಂಬ ಹಸಿವನ್ನು ಇನ್ನೊಬ್ಬರಲ್ಲಿ ಹೊತ್ತಿಸಬಲ್ಲವರ ಹಣೆಬರಹವೇ ಅಷ್ಟೇನೋ, ಆ ಹಸಿವು ತಣಿಯದೆ ಉಳಿಯುವುದು ಕೊನೆಗೆ ಅವರ ಹೊಟ್ಟೆಯಲ್ಲಿಯೇ.