ದೇವರ ಮನೆಯ ಕಂಬ

ಮುಧೋಳದ ನನ್ನ ತವರುಮನೆಯನ್ನು ನನ್ನ ಗಂಡನೇ ಕೊಳ್ಳಲು ಹೊರಟಾಗ ಎಲ್ಲರೂ ಖುಷಿಪಟ್ಟರು, ನನ್ನೊಬ್ಬಳನ್ನು ಬಿಟ್ಟು. ಕಳೆದ ಪಂಚಮಿಗೆ ಹೋದಾಗ ದೇವರ ಮನೆಯ ಕಂಬದ ಬುಡದಲ್ಲಿ ಗೆದ್ದಲಿನ ಮಣ್ಣು ಕಂಡಿದ್ದೆ. ಮುಂದಿನ ಸಲ ಹೋದರೆ ಕಂಬಕ್ಕೆ ಹೊಸ ಬಣ್ಣ! ಆ ಕಂಬ ಹೊತ್ತ ತೊಲೆ ಪಕ್ಕದ ಕೋಣೆಯ ಮೇಲೂ ಹಾಯ್ದಿದೆ. ಮನೆ ಮಾರಿ ಲೋಕಾಪುರಕ್ಕೆ ಹೋಗಿ ನೆಲೆಸುವ ಅವಸರದಲ್ಲಿದ್ದ ಅಣ್ಣ ಅಲ್ಲಿ ಪಿಓಪಿ ಸೀಲಿಂಗ್ ಹೊಡೆಸಿ ಆ ತೊಲೆಯನ್ನೂ ಮುಚ್ಚಿಬಿಟ್ಟಿದ್ದ. ನಮ್ಮ ಮಕ್ಕಳನ್ನು ಮಲಗಿಸುವುದು ಅದೇ ಕೋಣೆಯಲ್ಲಿ ಎಂದು ಗಂಡ ಸಂಜಯ ಮಂಚದ ಅಳತೆಯನ್ನೂ ತೆಗೆದುಕೊಂಡಾಗಿತ್ತು.

ಹೇಳಿದರೆ ಅಣ್ಣ ಮುನಿದು ತವರು ತಪ್ಪುತ್ತದೆ, ಹೇಳದಿದ್ದರೆ ಮಕ್ಕಳ ತಲೆಯ ಮೇಲೆ ಆ ತೊಲೆ. ಬೇರೆಯವರ ಬಾಯಿಂದಲೇ ಬರಲಿ ಎಂದು ಹಟ ಹಿಡಿದು ಜಮಖಂಡಿಯ ಇಂಜಿನಿಯರ್ ಅಮೋಲರನ್ನು ಕರೆಸಿದೆ. ಕಟ್ಟಡ, ಗೆದ್ದಲು ಎರಡನ್ನೂ ಪರೀಕ್ಷಿಸುವುದನ್ನು ಕಲಿತವರು. ಎಂಥ ಜಾಣೆ ನಾನು ಎಂದು ಬೀಗಿದ್ದೇ ಬಂತು.

ಅಮೋಲ ಗೋಡೆ ಬಡಿದು, ಬಾಗಿಲು ಕುಟ್ಟಿ, ದೇವರ ಮನೆಯ ಹೊಸ್ತಿಲಿಗೆ ಬಂದರು. ಅಣ್ಣ ಚನಮಲ್ಲಪ್ಪ ಅಡ್ಡ ನಿಂತ.

“ಹೊರಗಿನವರು ಇಲ್ಲಿ ಕಾಲಿಡೂದಿಲ್ರಿ. ಅಜ್ಜನ ಕಾಲದಿಂದ ಹಂಗ ಐತಿ.”

“ನೋಡದೆ ಛಲೋ ಐತಿ ಅಂತ ನಾ ಬರದ ಕೊಡಾಂಗಿಲ್ರಿ,” ಎಂದರು ಅಮೋಲ.

“ಅದಕ್ಯಾಕ ಚಿಂತಿ? ಮಧುಮತಿ ಈ ಮನಿಮಗಳು. ಅಕಿ ಒಳಗ ಹೋಗಿ ನೋಡ್ಲಿ. ಅಕಿ ಹೇಳಿದ್ದೇ ಖರೆ.”

ಗಂಡನೂ ತಲೆಯಾಡಿಸಿದ. ಅಮೋಲ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು.

“ಕಂಬದ ಬುಡಕ್ಕ ಒತ್ತಿ ನೋಡ್ರಿ ಅಕ್ಕಾರ. ಗಟ್ಟಿ ಇದ್ರ ತಡೀತೈತಿ.”

ಒಳಗೆ ಹೋದೆ. ಹೊರಡುವಾಗ ನನಗೆ ಉಡಿ ತುಂಬಲೆಂದು ಅತ್ತಿಗೆ ಇಂದ್ರವ್ವ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆಯನ್ನು ತಾಟಿನಲ್ಲಿ ಹಾಕಿ ದೇವರ ಜಗಲಿಯ ಮುಂದೆ ಇಟ್ಟಿದ್ದಳು. ಮದುವೆಯಾದಾಗಿನಿಂದ ಒಮ್ಮೆಯೂ ನನ್ನನ್ನು ಬರಿ ಉಡಿಯಲ್ಲಿ ಕಳಿಸಿದವಳಲ್ಲ.

ಒತ್ತಿದೆ. ಹಿಡಿಕೆಯವರೆಗೂ ಒಳಗೆ ಹೋಯಿತು.

ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು, ಅಣ್ಣನ ಮೇಲೆ, ಗಂಡನ ಮೇಲೆ, ತನ್ನ ಕೆಲಸ ನನಗೆ ದಾಟಿಸಿದ ಆ ಇಂಜಿನಿಯರ್ ಮೇಲೂ. ತಿರುಗಿದರೆ ಹೊಸ್ತಿಲ ತುಂಬ ಅವರೇ, ನನ್ನ ಬಾಯಿ ನೋಡುತ್ತ ನಿಂತಿದ್ದಾರೆ. ದೇವರ ಮನೆಗೆ ಇನ್ನೊಂದು ಬಾಗಿಲಿಲ್ಲ.

“ಹೆಂಗೈತಿ, ತಂಗಿ?” ಅಣ್ಣ ಮೆತ್ತಗೆ ಕೇಳಿದ.

ಮಂಚದ ಅಳತೆ ನೆನಪಾಯಿತು.

“ಪೊಳ್ಳ ಆಗೇತೋ ಅಣ್ಣಾ.”

ಇಂದ್ರವ್ವ ನನ್ನ ಮುಖ ನೋಡದೆ ಒಳಗೆ ಬಂದು ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಕ್ಕಿಯನ್ನು ಮತ್ತೆ ಡಬ್ಬಿಗೆ ಸುರಿಯುವ ಸದ್ದು ಕೇಳಿಸಿತು.